ತೊಳೆದುಹೋದ ಬಾಣದ ಗುರುತು

ಮೊನ್ನೆ ಸೀಗೆಪುಡಿಯ ಡಬ್ಬದ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿಯುತ್ತಲೇ ನಮ್ಮ ಮೇಷ್ಟ್ರು ನೆನಪಾದರು...

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಗೌರಿಬಿದನೂರಿಗೆ ಸೊಸೆಯಾಗಿ ಬಂದ ಹೊಸತು. ಬೆಂಗಳೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು, ರಜೆ ಬಂತೆಂದರೆ ನಮ್ಮ ಮುಂದಿನ ಕೋಣೆಗೆ ಬಂದು ಇಳಿಯುತ್ತಿದ್ದರು. ಬೆಳಿಗ್ಗೆ ಸುತ್ತಿಗೆ ಹಿಡಿದು ಹೊರಟರೆ ಸಂಜೆಗೆ ಚೀಲದ ತುಂಬ ಕರಿಕಲ್ಲು. ಮಂಚೇನಹಳ್ಳಿ ಕಡೆ ಬಂಡೆಗಳ ನಡುವೆ ಗೋಡೆಯ ಹಾಗೆ ಓಡುವ ಕರಿಕಲ್ಲಿನ ಸಾಲುಗಳೆಂದರೆ ಅವರಿಗೆ ಪ್ರಾಣ. ನನಗೋ, ಮನೆಯೆಲ್ಲ ಧೂಳು.

ಆ ದಸರಾಕ್ಕೆ ಮನೆ ಚೊಕ್ಕಟ ಮಾಡುವಾಗ, ದೊಡ್ಡ ಉಪಕಾರವೆಂದೇ ತಿಳಿದು, ಉಳಿದಿದ್ದ ಸೀಗೆಪುಡಿ ಹಾಕಿ ಅವರು ಕೋಣೆಯಲ್ಲಿ ಆರಿಸಿಟ್ಟಿದ್ದ ಏಳು ಕಲ್ಲುಗಳನ್ನೂ ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಮೇಷ್ಟ್ರು ನೋಡಿದವರೇ ಜಗಲಿಯ ಮೇಲೆ ಕುಸಿದು ಕೂತರು.

“ಸೀಮೆಸುಣ್ಣದಲ್ಲಿ ಬಾಣ ಬರೆದಿದ್ನಲ್ಲಮ್ಮಾ... ಕಲ್ಲು ಬೆಟ್ಟದಲ್ಲಿದ್ದಾಗ ಉತ್ತರ ಯಾವ ಕಡೆ ಅಂತ. ಅದಿಲ್ದಿದ್ರೆ ಇವು ಬರೀ ಕಲ್ಲು.”

ಕರಗಿದ ಕಲ್ಲು ಆರುವಾಗ, ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಭೂಮಿಯ ಅಯಸ್ಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವಂತೆ. ಅದನ್ನು ಅಳೆದರೆ ಕಲ್ಲು ಎಷ್ಟು ಹಳೆಯದು, ಆಗ ಈ ನೆಲ ಭೂಮಿಯ ಯಾವ ಭಾಗದಲ್ಲಿತ್ತು ಎಂದೆಲ್ಲ ಅಂದಾಜು ಸಿಗುತ್ತದಂತೆ. ನಾಲ್ಕೇ ದಿನದಲ್ಲಿ ಕಲ್ಲುಗಳನ್ನು ಅಳೆಯಲು ಕಳಿಸಬೇಕಿತ್ತು. ತಪ್ಪಿದರೆ ಅವರ ಡಾಕ್ಟರೇಟೇ ನಿಂತುಹೋಗುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅಳುತ್ತಲೇ ಕೇಳಿದೆ, “ಒಡೆದ ಮಡಕೆ ಚೂರು ಅದರ ಜಾಗದಲ್ಲಿ ಒಂದೇ ಥರ ಕೂರುತ್ತಲ್ಲ ಮೇಷ್ಟ್ರೇ, ಕಲ್ಲೂ ಹಂಗೇ ಅಲ್ವಾ?”

ಅವರು ನನ್ನನ್ನೇ ನೋಡಿದರು. “ನಾಳೆ ನೀನೂ ಬಾರಮ್ಮ, ಹೋಗಣ.”

ಮಾರನೆಯ ದಿನ ಯಜಮಾನರ ಜೊತೆ ನಾನೂ ಹೋದೆ. ಕರಿಕಲ್ಲಿನ ಸಾಲಿನಲ್ಲಿ ಮೇಷ್ಟ್ರು ಒಡೆದ ಜಾಗಗಳು ಹಾಗೆಯೇ ಇದ್ದವು. ಒಂದೊಂದೇ ಕಲ್ಲನ್ನು ಆ ಕಡೆ ಈ ಕಡೆ ತಿರುಗಿಸಿ ಕೂರಿಸಿದೆವು. ಸರಿಯಾಗಿ ಕೂತದ್ದು ಅಲ್ಲಾಡುತ್ತಿರಲಿಲ್ಲ. ಮೇಷ್ಟ್ರು ದಿಕ್ಸೂಚಿ ಹಿಡಿದರೆ ಮುಳ್ಳು ನನ್ನ ಕಡೆಗೇ ಓಲಾಡಿತು.

“ಸೊಂಟದಲ್ಲಿರೋ ಬೀಗದ ಕೈ ಗೊಂಚಲು ದೂರ ಇಟ್ಟು ಬಾರಮ್ಮ ತಾಯಿ!” ಎಂದು ನಕ್ಕರು. ಆ ನಗು ಕೇಳಿ ಹೋದ ಜೀವ ಬಂದಂತಾಯಿತು. ಈ ಸಲ ಬಾಣಗಳನ್ನು ಬಣ್ಣದಲ್ಲೇ ಬರೆದರು.

ಡಾಕ್ಟರೇಟ್ ಸಿಕ್ಕಿದಾಗ, ಅದಕ್ಕೆಂದು ತಾವು ಬರೆದ ದಪ್ಪ ರಟ್ಟಿನ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದರು. ಪೂರ್ತಿ ಇಂಗ್ಲಿಷು. ಅರಿಶಿನ ಕುಂಕುಮ ಇಟ್ಟು ಬೀರುವಿನಲ್ಲಿ ಭದ್ರ ಮಾಡಿದೆ...

ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷಗಳಾದವು. ಮೊನ್ನೆಯೇ ಪುಸ್ತಕ ಹೊರಗೆ ತೆಗೆದು ಮೊಮ್ಮಗಳ ಕೈಗೆ ಕೊಟ್ಟೆ. ನೆರವಾದವರನ್ನು ನೆನೆಯುವ ಮೊದಲ ಪುಟದಲ್ಲಿ, ದೊಡ್ಡ ದೊಡ್ಡ ಪ್ರೊಫೆಸರುಗಳ ನಡುವೆ, ನನ್ನ ಹೆಸರಿದೆಯಂತೆ. ಗುರುತು ಅಳಿಸಿದ ಸುದ್ದಿಯೇ ಅಲ್ಲಿಲ್ಲ. ಕಲ್ಲುಗಳ ದಿಕ್ಕು ಹುಡುಕಿಕೊಟ್ಟವರು ಎಂದಷ್ಟೇ ಬರೆದಿದ್ದಾರೆ. ಒಂದು ಕಾಗದ ಹಾಕೋಣವೆಂದರೆ ಈಗ ಮೇಷ್ಟ್ರಿಲ್ಲ. ಮೊಮ್ಮಗಳ ಕೈಯಲ್ಲಿ ಆ ಸಾಲನ್ನು ಇನ್ನೊಂದು ಸಲ ಓದಿಸಿದೆ.