ಶುಭ ಶುಕ್ರವಾರದ ಸೀಲು

ನಮ್ಮ ಸಿಸ್ಟರ್ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಶಾಲೆಯ ಸೀಲಿನ ಹಿಡಿ ಎಂದೋ ಮುರಿದುಹೋಗಿತ್ತು, ಹೊಸದು ಮಾಡಿಸಿಕೊಡಿ ಎಂದು ಕೇಳುವ ಜಾಯಮಾನ ಅವರದಲ್ಲ. ಉಳಿದ ರಬ್ಬರ್ ತುಂಡನ್ನೇ ಇಂಕ್ ಪ್ಯಾಡಿಗೆ ಅದ್ದಿ, ಹೆಬ್ಬೆರಳಲ್ಲಿ ಒತ್ತಿ, ಪ್ರತಿ ಸೋಮವಾರ ನಲವತ್ತು ಕಾರ್ಡುಗಳಿಗೆ ಸೀಲು ಹಾಕುತ್ತಿದ್ದರು. ಸೋಪಿಗೂ ಹೋಗದ ಬಣ್ಣ ಅದು.

ನಮ್ಮದು ಶಿವಾಜಿನಗರದ ಹತ್ತಿರದ ಕಾನ್ವೆಂಟ್ ಶಾಲೆ. ಸೋಮವಾರ ಮೊದಲ ಪೀರಿಯಡ್ಡಿನ ಗಂಟೆ ಹೊಡೆದರೆ ಕ್ಲಾಸು ಎರಡು ಪಾಲಾಗುತ್ತಿತ್ತು. ಬೇರೆ ಧರ್ಮದ ಹುಡುಗಿಯರು ಪಕ್ಕದ ಕೋಣೆಗೆ, ನೀತಿಪಾಠಕ್ಕೆ. ಅಲ್ಲಿ ಕಥೆ ಹೇಳುತ್ತಿದ್ದರು, ನಗು ಗೋಡೆ ದಾಟಿ ಬರುತ್ತಿತ್ತು. ಕ್ಯಾಥೊಲಿಕ್ಕರಾದ ನಮಗೆ ಸಿಸ್ಟರ್ ಮತ್ತು ಧರ್ಮೋಪದೇಶ. ಒಂಬತ್ತನೇ ಕ್ಲಾಸಿನವರು ದೃಢೀಕರಣ ಸಂಸ್ಕಾರ, ಅಂದರೆ ಕನ್ಫರ್ಮೇಶನ್, ಪಡೆಯಬೇಕಾದರೆ ವರ್ಷವಿಡೀ ಭಾನುವಾರದ ಪೂಜೆಗೆ, ಅಂದರೆ ಮಾಸ್‌ಗೆ, ಹೋಗಿರಬೇಕು. ಪೂಜೆ ಮುಗಿದ ಮೇಲೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಕಾರ್ಡಿಗೆ ಒಂದು ಸೀಲು, ಮರುದಿನ ಸಿಸ್ಟರ್ ಅವರದು ಇನ್ನೊಂದು.

ಸೀಲು ಹಾಕುವ ಮುಂಚೆ ಒಂದೇ ಪ್ರಶ್ನೆ: "ನಿನ್ನೆ ಫಾದರ್ ಏನ್ ಓದಿದ್ರಮ್ಮ?"

"ಯೇಸು ಜನಕ್ಕೆ ಬೋಧನೆ ಮಾಡಿದ್ದು, ಸಿಸ್ಟರ್."

"ಅದು ಪ್ರತಿ ವಾರಾನೂ ಇರುತ್ತೆ," ಎಂದು ನಿಟ್ಟುಸಿರಿಟ್ಟು ಹೆಬ್ಬೆರಳು ಒತ್ತುತ್ತಿದ್ದರು.

ನಾನು ಚರ್ಚಿನ ಗಾನವೃಂದದಲ್ಲಿ ಹಾಡುತ್ತಿದ್ದೆ. ಹಾಗಾಗಿ ಹಿಂಬದಿಯ ಕೋಣೆಯಲ್ಲಿ ಚರ್ಚಿನ ಸೀಲು ಇಡುತ್ತಿದ್ದ ಡ್ರಾಯರು ನನ್ನ ಕೈಗೆ ಸಿಗುತ್ತಿತ್ತು. ಒಂದು ದಿನ ಗೆಳತಿಯರ ಕಾರ್ಡುಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ಹೋಗಿ ತಪ್ಪಿಸಿದ್ದ ಆರು ವಾರದ ಸೀಲನ್ನು ಒಟ್ಟಿಗೆ ಒತ್ತಿದೆ. ನನ್ನ ಕಾರ್ಡು ಸ್ವಲ್ಪ ಹೆಚ್ಚು ಭಕ್ತಿಯಿಂದ ಕಾಣಲಿ ಎಂದು ಶುಭ ಶುಕ್ರವಾರದ ತಾರೀಕು ಬರೆದು ಅದಕ್ಕೂ ಒಂದು ಒತ್ತಿದೆ.

ಸೋಮವಾರ ಸಿಸ್ಟರ್ ನನ್ನ ಕಾರ್ಡನ್ನು ಬಹಳ ಹೊತ್ತು ನೋಡಿದರು. ಉಳಿದವರನ್ನು ಹೊರಗೆ ಕಳಿಸಿದರು.

"ಏನಮ್ಮಾ ಇದು? ಶುಭ ಶುಕ್ರವಾರ ಯಾವ ಚರ್ಚಲ್ಲಿ ಪೂಜೆ ಆಯ್ತು? ಲೋಕದಲ್ಲೆಲ್ಲೂ ಅವತ್ತು ಪೂಜೆ ಇರಲ್ಲ."

ಹುಟ್ಟಿದಾಗಿನಿಂದ ಚರ್ಚಿನ ನೆರಳಲ್ಲಿ ಬೆಳೆದವಳಿಗೆ ಅದು ಗೊತ್ತಿರಬೇಕಿತ್ತು. ಅಂದು ಪ್ರಾರ್ಥನೆ ಇರುತ್ತದೆ, ಶಿಲುಬೆಗೆ ಮುತ್ತಿಡುತ್ತೇವೆ, ಪೂಜೆ ಮಾತ್ರ ಇಲ್ಲ.

"ಎಲ್ರದೂ ನೀನೇ ಒತ್ತಿದ್ದಾ?"

"ಹೂಂ."

"ಯಾಕೆ?"

"ಬೋರ್ ಆಗುತ್ತೆ, ಸಿಸ್ಟರ್."

ಬೈಯುತ್ತಾರೆಂದು ಕಾದೆ. ಅವರು ಇಂಕ್ ಪ್ಯಾಡಿನ ಮುಚ್ಚಳ ಮುಚ್ಚಿದರು. ಮುಂದಿನ ಸೋಮವಾರ ಎಲ್ಲರ ಕಾರ್ಡುಗಳನ್ನೂ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. "ಇನ್ಮೇಲೆ ಕಾರ್ಡ್ ಬೇಡ. ಹೋಗಿದ್ರೆ ಹೋದೆ ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ. ಸುಳ್ಳು ಕೇಳಿ ಕೇಳಿ ದೇವರಿಗೂ ಸುಸ್ತಾಗಿರುತ್ತೆ."

ಮುಂದಿನ ಭಾನುವಾರ ಹೋದವರು ಮೂರೇ ಜನ. ಸಿಸ್ಟರ್ ಹಾಜರಿ ಪುಸ್ತಕದಲ್ಲಿ ಮೂರು ಎಂದೇ ಬರೆದರು. ಪಾಲಕರು ಸಿಡಿದೆದ್ದು ಸಭೆ ಕರೆಸಿದರು. ಮಕ್ಕಳು ಹೋಗುತ್ತಿದ್ದರು, ಮುದುಕಿ ಕಾರ್ಡು ಕಳೆದುಹಾಕಿದ್ದಾಳೆ ಎಂಬುದು ಅವರ ದೂರು. ಪ್ರಿನ್ಸಿಪಾಲರು ಎಲ್ಲರೆದುರಿಗೇ ಕಾರ್ಡು ಎಲ್ಲಿ ಎಂದು ಕೇಳಿದರು.

"ನನ್ ಹತ್ರಾನೇ ಇದೆ. ಕೊಡಲ್ಲ."

ಕೊಟ್ಟಿದ್ದರೆ ನನ್ನ ಕೈಚಳಕ ಬಯಲಾಗಿ ನಮ್ಮ ಯಾರಿಗೂ ಆ ವರ್ಷ ಸಂಸ್ಕಾರ ಸಿಗುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ, "ವಯಸ್ಸಾಯ್ತು ಪಾಪ, ತಲೆ ನಿಲ್ತಿಲ್ಲ" ಎಂದರು. ನಾನು ನೆಲ ನೋಡುತ್ತಾ ಕೂತಿದ್ದೆ. ಮರುವಾರವೇ ಧರ್ಮೋಪದೇಶ ಬೇರೆಯವರ ಪಾಲಾಯಿತು, ಹೊಸ ಕಾರ್ಡುಗಳು ಬಂದವು. ಸಿಸ್ಟರನ್ನು ಶಾಲೆಯ ಸಿಕ್‌ರೂಮ್ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ನಾನು ಹೊಟ್ಟೆನೋವೆಂದು ಅಲ್ಲಿಗೆ ಹೋದಾಗ ಬಿಸಿನೀರಿನ ಚೀಲ ಕೊಟ್ಟು, "ಮಲಕ್ಕೋ" ಎಂದರು, ಅಷ್ಟೇ. ಅವರ ಹೆಬ್ಬೆರಳು ಆಗಲೇ ತಿಳಿಯಾಗುತ್ತಾ ಬಂದಿತ್ತು.

ಈಗ ನಾನೇ ಕೆ.ಆರ್. ಪುರಂ ಕಡೆಯ ಒಂದು ಶಾಲೆಯಲ್ಲಿ ಧರ್ಮೋಪದೇಶ ಮಾಡುತ್ತೇನೆ. ಕಾರ್ಡು ಹೋಗಿ ಮೊಬೈಲಿನಲ್ಲಿ ಹಾಜರಿ ಹಾಕಲು ಚರ್ಚಿನ ಬಾಗಿಲಿಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಒಬ್ಬಳು ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಸಾಕು, ಮಾರತ್ತಹಳ್ಳಿಯಲ್ಲಿ ಹಾಸಿಗೆ ಮೇಲಿದ್ದವಳೂ ಹಾಜರು. ಇವರು ದೇವರನ್ನು ಬಿಟ್ಟವರೇನಲ್ಲ. ಒಬ್ಬಳು ಮೊಬೈಲಿನಲ್ಲಿ ಧ್ಯಾನ ಕೇಳುತ್ತಾಳೆ, ಕೆಲವರು ಶನಿವಾರ ಸಂಜೆ ಇಂದಿರಾನಗರದಲ್ಲಿ ಗಿಟಾರ್ ಹಿಡಿದು ಪ್ರಾರ್ಥಿಸುವ ಗುಂಪಿಗೆ ಹೋಗಿ ಕಣ್ಣೀರು ಹಾಕಿ ಬರುತ್ತಾರೆ. "ದೇವ್ರು ಬೇಡ ಅಂತಲ್ಲ ಮಿಸ್, ಅಟೆಂಡೆನ್ಸ್ ಬೇಡ ಅಷ್ಟೇ," ಎನ್ನುತ್ತಾರೆ. ನಾನು ದಣಿದಿದ್ದೇನೆ.

ಇದನ್ನೆಲ್ಲ ಹೇಳಿಕೊಳ್ಳಲು ರಿಚರ್ಡ್ಸ್ ಟೌನಿನಲ್ಲಿ ವಯಸ್ಸಾದ ಸಿಸ್ಟರ್‌ಗಳು ಇರುವ ಮನೆಗೆ ಹೋದೆ. ಸಿಸ್ಟರಿಗೆ ಉಸಿರಾಟ ಕಷ್ಟವಾಗಿತ್ತು. ಅಂದು ಸಭೆಯಲ್ಲಿ ಬಾಯಿ ಬಿಡದಿದ್ದಕ್ಕೆ ಕ್ಷಮೆ ಕೇಳಿದೆ. ಕೈ ಅಲ್ಲಾಡಿಸಿಬಿಟ್ಟರು.

"ಬೋರ್ ಅಂದ್ಯಲ್ಲ ಅವತ್ತು. ಇಷ್ಟು ವರ್ಷದಲ್ಲಿ ನಂಗೆ ನಿಜ ಹೇಳಿದ್ ಮಗು ನೀನೊಬ್ಳೇ. ನಿನ್ ಮಕ್ಕಳು ಹೇಳ್ತಾರಾ?"

"ಮುಖಕ್ಕೇ ಹೇಳ್ತಾರೆ, ಸಿಸ್ಟರ್."

"ಮತ್ತೆ ಯಾಕಮ್ಮ ಅಳ್ತೀಯ? ಪುಸ್ತಕದಲ್ಲೂ ಅದನ್ನೇ ಬರಿ."

ಕಳೆದ ತಿಂಗಳು ಅವರು ತೀರಿಕೊಂಡರು. ಪೆಟ್ಟಿಗೆಯಲ್ಲಿ ಮಲಗಿಸಿ ಕೈಗೆ ಜಪಮಾಲೆ ಸುತ್ತಿದ್ದರು. ಹೆಬ್ಬೆರಳು ಅಚ್ಚ ಬಿಳುಪಾಗಿತ್ತು.

ವಾರ್ಷಿಕ ವರದಿಯಲ್ಲಿ ನಾನು ಬರೆದೆ: ಮೊಬೈಲಿನ ಲೆಕ್ಕದಲ್ಲಿ ನಲವತ್ತೆರಡು, ಬೆಂಚಿನಲ್ಲಿ ಐದು. ಬಾರದವರ ಹೆಸರು ಕೊಡುವುದಿಲ್ಲ. ಪಾಲಕರು ದೂರು ಕೊಟ್ಟಿದ್ದಾರೆ, ಶನಿವಾರ ಸಭೆ ಇದೆ. ನನ್ನ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರಲಾರರು. ಅಂದು ಸಿಸ್ಟರಿಗೆ ಒಬ್ಬಳಿದ್ದಳು. ಅವಳು ಏಳಲಿಲ್ಲ.