ಟ್ರಂಕಿನಲ್ಲಿ ಮಲಗಿದ ಬ್ಯಾಟರಿ

ಉದ್ಯಮಬಾಗದ ಗಜಾನನನಿಗೆ ಸಾಮಾನುಗಳೆಂದರೆ ಪ್ರಾಣ. ಬಳಸುವುದೊಂದನ್ನು ಬಿಟ್ಟು ಅವುಗಳಿಗಾಗಿ ಏನು ಬೇಕಾದರೂ ಮಾಡುತ್ತಿದ್ದ. ಸ್ಕೂಟರ್ ಕೊಂಡು ಮೂರು ಮಳೆಗಾಲ ಕಳೆದರೂ ಸೀಟಿನ ಪ್ಲಾಸ್ಟಿಕ್ ಕಿತ್ತಿರಲಿಲ್ಲ. ಟಿ.ವಿ. ರಿಮೋಟಿಗೆ ಚೀಲ ತೊಡಿಸಿ ಕೂತಿರುವ ನಾವು ನಗುವ ಹಾಗಿಲ್ಲ, ಬಿಡಿ.

ಹಂಚು ಒತ್ತುವ ಯಂತ್ರಗಳ ಕಂಪನಿಯೊಂದರಲ್ಲಿ ಅವನು ಸೇಲ್ಸ್‌ಮನ್. ೨೦೦೧ರ ಸುಮಾರಿಗೆ ಕಂಪನಿ ಅವನ ಕೈಗೊಂದು ಲ್ಯಾಪ್‌ಟಾಪ್ ಕೊಟ್ಟಿತು. ಸದಾ ಕರೆಂಟಿಗೆ ಹಚ್ಚಿಟ್ಟರೆ ಬ್ಯಾಟರಿ ಹಾಳಾಗುತ್ತದೆಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು. ಅಂದೇ ಬ್ಯಾಟರಿಯನ್ನು ಬಿಚ್ಚಿದ. ಹಬ್ಬ ಮುಗಿದ ಮೇಲೆ ಹಿತ್ತಾಳೆ ಹಂಡೆಯನ್ನು ಯಾರಾದರೂ ನೀರು ಸಮೇತ ಅಟ್ಟಕ್ಕೇರಿಸುತ್ತಾರೆಯೇ? ಇಲ್ಲವಲ್ಲ. ಹಾಗೆಯೇ ಬ್ಯಾಟರಿಯನ್ನೂ ಪೂರ್ತಿ ಖಾಲಿ ಮಾಡಿ, ಒರೆಸಿ, ಹೆಂಡತಿ ಪ್ರಮಿಳಾಳ ಟ್ರಂಕಿನಲ್ಲಿ ಮದುವೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಮಲಗಿಸಿದ. ಆ ಸೀರೆಗೂ ಅವನದೇ ಕಾವಲು: "ಉಡಬ್ಯಾಡ ಮಾರಾಯ್ತಿ, ಸವೀತೈತಿ."

ಒಂದು ವರ್ಷದ ಮೇಲೆ ಮಾಲಕರು ಕರೆದು, "ಖಾನಾಪುರದ ನಾಸೀರಸಾಹೇಬರ ಹಂಚಿನ ಕಾರ್ಖಾನಿ ಆರ್ಡರ್ ತಗೊಂಡ ಬಾ. ಬಂದಿಂದ ನೀನ ಮ್ಯಾನೇಜರ್" ಎಂದರು.

ಖಾನಾಪುರದ ಕರೆಂಟಿಗೆ ಆಗಾಗ ಕೈಕೊಡುವ ಚಾಳಿ ಇದ್ದದ್ದು ಗಜಾನನನಿಗೆ ಗೊತ್ತಿತ್ತು. ಬ್ಯಾಟರಿಯನ್ನು ಎಬ್ಬಿಸಿ ಚಾರ್ಜಿಗೆ ಹಚ್ಚಿದ. ಚಾರ್ಜಿನ ದೀಪ ಸ್ಥಿರವಾಗಿ ಉರಿಯದೆ ಮಿಣಮಿಣ ಅನ್ನುತ್ತಲೇ ಇತ್ತು. ವರ್ಷದ ಮೇಲೆ ಹೊರಬಂದ ಖುಷಿಯಿರಬೇಕು ಅಂದುಕೊಂಡ.

ಖಾನಾಪುರದ ಕಾರ್ಖಾನೆಯಲ್ಲಿ ಲ್ಯಾಪ್‌ಟಾಪನ್ನು ಕರೆಂಟಿಗೆ ಹಚ್ಚಿ ಯಂತ್ರದ ವಿಡಿಯೋ ತೋರಿಸತೊಡಗಿದ. ಪರದೆಯ ಮೇಲೆ ಯಂತ್ರ ಮೊದಲ ಹಂಚು ಒತ್ತುವ ಹೊತ್ತಿಗೇ ನಾಸೀರಸಾಹೇಬರ ಫ್ಯಾನು ನಿಂತಿತು. ಜತೆಗೆ ಲ್ಯಾಪ್‌ಟಾಪೂ. ಪೂರ್ತಿ ಖಾಲಿ ಮಾಡಿ ವರ್ಷಗಟ್ಟಲೆ ಇಟ್ಟ ಬ್ಯಾಟರಿ ಮಲಗಿದಲ್ಲೇ ಸಾಯುತ್ತದೆಂದು ಗಜಾನನನಿಗೆ ಯಾರೂ ಹೇಳಿರಲಿಲ್ಲ.

"ಕರೆಂಟ್ ಇಲ್ದನೂ ನಡೀತೈತಿ ಅಂದಿದ್ರಿ?"

"ನಡೀತೈತ್ರಿ ಸಾಹೇಬ್ರ! ಬ್ಯಾಟರಿ ಒಂದ ದಿವಸಾನೂ ಬಳಸಿಲ್ರಿ, ಖರೇ ಹೊಸಾದು!"

"ಹೊಸಾದ ಸತ್ತೈತಲ್ರೀ! ನಿಮ್ಮ ಮಷೀನೂ ಹಿಂಗನ ಏನು, ಬಳಸದಿದ್ರ ಭಾಳ ಬಾಳ್ತಾವ?" ಎಂದ ನಾಸೀರಸಾಹೇಬರು ಚಹಾ ತರಿಸಿದರು. ಚಹಾ ಚೆನ್ನಾಗಿತ್ತು. ಆರ್ಡರ್ ಬರಲಿಲ್ಲ. ಮ್ಯಾನೇಜರನ ಕುರ್ಚಿಯೂ ಬಳಕೆಯಾಗದೆ ಹೊಸದಾಗಿಯೇ ಉಳಿಯಿತು.

ಪ್ರಮಿಳಾ ಎಲ್ಲ ಕೇಳಿಸಿಕೊಂಡಳು. ಎದ್ದು ಹೋಗಿ ಟ್ರಂಕು ತೆಗೆದಳು. ಮರುದಿನ ಬೆಳಿಗ್ಗೆ ಗಜಾನನ ಅಡುಗೆಮನೆಗೆ ಬಂದರೆ, ಒಲೆಯ ಮುಂದೆ ಜರಿಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಾಳೆ!

"ಅಯ್ಯ, ಹಿಟ್ಟು! ಸೀರಿ ಹಾಳಾಗತೈತಿ!"

"ಮತ್ತೇನು, ಇದನ್ನೂ ಟ್ರಂಕಿನಾಗಿಟ್ಟ ಸಾಯಿಸಬೇಕೇನು? ಬಿಸಿ ಐತಿ, ತಿನ್ರಿ" ಎಂದು ಪ್ರಮಿಳಾ ತಟ್ಟೆಗೆ ರೊಟ್ಟಿ ಹಾಕಿದಳು. "ಇಲ್ಲಾ, ಇದನ್ನೂ ತಗದ ಇಡ್ಲೇನು?"

ಗಜಾನನ ರೊಟ್ಟಿ ಮುರಿದ.