ಬಿಲ್ಲೆಗಳ ಊರು ಹುಡುಕುವ ಶಾಮಲಮ್ಮ

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ವಕ್ಕಲೇರಿ ಕಡೆಯ ಟೆಂಪೊಗಳು ಒಂದರ ಹಿಂದೊಂದು ಗೇಟು ದಾಟುತ್ತಿವೆ. ಗೇಟಿನ ಪಕ್ಕದ ತಗಡಿನ ಸೂರಿನ ಕೆಳಗೆ ಶಾಮಲಮ್ಮ ಸೀಮೆಎಣ್ಣೆ ಸ್ಟೌವಿಗೆ ಗಾಳಿ ಹೊಡೆಯುತ್ತಿದ್ದಾರೆ. ಮೊದಲ ಟೀ ಕುಡಿದ ಹಮಾಲಿಯೊಬ್ಬ ಜೇಬಿನಿಂದ ಹಿತ್ತಾಳೆ ಬಿಲ್ಲೆಯೊಂದನ್ನು ತೆಗೆದು ಕಟ್ಟೆಯ ಮೇಲಿಡುತ್ತಾನೆ.

“ಅಕ್ಕ, ಅತ್ತೆ ಮನೇಲಿ ಸಿಕ್ತು. ನೋಡು.”

ಶಾಮಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಬಲ್ಬಿನತ್ತ ಹಿಡಿಯುತ್ತಾರೆ. “ಮುಳಬಾಗಿಲದು. ಟಾಕೀಸ್ ಪಕ್ಕ ಇತ್ತಲ್ಲ, ಆ ಅಂಗಡೀದು. ನನ್ನ ಹತ್ರ ಐತೆ. ನಿನ್ನ ಮಗಳಿಗೆ ಆಡೋಕೆ ಕೊಡು.”

ತೊಂಬತ್ತರ ದಶಕದಲ್ಲಿ ಈ ಸುತ್ತಿನ ಊರುಗಳಲ್ಲೆಲ್ಲ ವಿಡಿಯೊ ಗೇಮ್ ಅಂಗಡಿಗಳಿದ್ದವು. ಶಾಲೆಗೆ ಚಕ್ಕರ್ ಹೊಡೆದ ಹುಡುಗರು ಬಿಲ್ಲೆ ಕೊಂಡು, ಮಷಿನ್ನಿನ ಸೀಳಿಗೆ ಹಾಕಿ ಆಡುತ್ತಿದ್ದರು. ಆಮೇಲೆ ಕಂಪ್ಯೂಟರ್ ಸೆಂಟರ್‌ಗಳು ಬಂದವು, ಗೇಮ್ ಅಂಗಡಿಗಳು ಮುಚ್ಚಿದವು. ಬಿಲ್ಲೆಗಳು ಗುಜರಿಗೆ ಹೋದವು. ಹಾಗೆ ಹೋಗದೆ ಉಳಿದವನ್ನು ಕೂಡಿಸಿ, ಯಾವುದು ಯಾವ ಊರಿನದು, ಯಾರು ಮಾಡಿದ್ದು ಎಂದು ವಿಚಾರಿಸಿ ಇಟ್ಟಿರುವವರು ಈ ಟೀ ಅಂಗಡಿಯ ಹೆಂಗಸು. ಬಟ್ಟೆಯ ಚಿಕ್ಕ ಗಂಟುಗಳಿಗೆ ಊರಿಗೊಂದು ಬಣ್ಣದ ದಾರ ಕಟ್ಟಿದ್ದಾರೆ. ಮಾಲೂರಿಗೆ ಕೆಂಪು, ಶ್ರೀನಿವಾಸಪುರಕ್ಕೆ ಹಸಿರು. ಊರು ಗೊತ್ತಾಗದ್ದಕ್ಕೆ ಬಿಳಿ.

“ನಾನು ಒಂದು ದಿನಾನೂ ಗೇಮ್ ಆಡಿದೋಳಲ್ಲ” ಎನ್ನುತ್ತಾರೆ. “ಇದಕ್ಕೆ ಬಿದ್ದಿದ್ದು ಪೆದ್ದಪ್ಪನ ದೆಸೆಯಿಂದ.”

ಪೆದ್ದಪ್ಪ ಬೈರಕೂರಿನವನು, ಇದೇ ಮಾರುಕಟ್ಟೆಯ ಕೋದಂಡರಾಮಪ್ಪನವರ ಟೊಮೆಟೊ ಮಂಡಿಯಲ್ಲಿ ಹಮಾಲಿಯಾಗಿದ್ದ. ಮಾಲೂರಿನ ಗೇಮ್ ಅಂಗಡಿಯೊಂದು ಮುಚ್ಚಿದಾಗ ಕೋದಂಡರಾಮಪ್ಪ ಅಲ್ಲಿಯ ಬಿಲ್ಲೆಗಳನ್ನು ಕೂಲಿ ಲೆಕ್ಕಕ್ಕೆಂದು ಮೂಟೆಗಟ್ಟಲೆ ತಂದಿದ್ದರು. ಇಷ್ಟು ಬಾಕ್ಸ್ ಇಳಿಸಿದರೆ ಒಂದು ಬಿಲ್ಲೆ, ಸಂಜೆ ಬಿಲ್ಲೆ ಕೊಟ್ಟು ಕೂಲಿ ತೆಗೆದುಕೊಳ್ಳುವುದು. ನಡುವೆ ಟೀ ಬೇಕಾದವರು ಶಾಮಲಮ್ಮನಿಗೂ ಬಿಲ್ಲೆಯನ್ನೇ ಕೊಡುತ್ತಿದ್ದರು. ಬಿಲ್ಲೆಯ ಮೇಲೆ ಒಂದು ಕಾಲೆತ್ತಿದ ಕುದುರೆ.

ಒಂದು ಸಂಜೆ ಪೆದ್ದಪ್ಪ ಕೊಟ್ಟ ಬಿಲ್ಲೆಗಳು ಕೋದಂಡರಾಮಪ್ಪನವರ ಕೈಗೆ ದಪ್ಪ ಅನ್ನಿಸಿದವು. ನೋಡಿದರೆ ಕುದುರೆಯ ನಾಲ್ಕೂ ಕಾಲು ನೆಲದ ಮೇಲೆ. ಅವನ ಊರ ಕಡೆ, ಮುಳಬಾಗಿಲಿನಲ್ಲಿ ಹಿತ್ತಾಳೆ ಕೆಲಸದವರಿದ್ದಾರೆ, ಅಲ್ಲಿ ಕಳ್ಳ ಬಿಲ್ಲೆ ಹೊಡೆಸಿದ್ದಾನೆ ಎಂದುಕೊಂಡರು. ನಾಳೆಯಿಂದ ಬರಬೇಡ ಎಂದುಬಿಟ್ಟರು. ಪೆದ್ದಪ್ಪ ಹೆಗಲ ಮೇಲಿನ ಟವಲು ಕೊಡವಿಕೊಂಡು ಹೊರಟುಹೋದ.

ಶಾಮಲಮ್ಮ ತಮ್ಮ ಡಬ್ಬಿ ಸುರಿದು ನೋಡಿದರು. ಕಾಲೂರಿದ ಕುದುರೆಗಳು ಅಲ್ಲೂ ಇದ್ದವು, ಯಾರು ಯಾರೋ ಕೊಟ್ಟವು. ತೆಗೆದುಕೊಂಡು ಮಂಡಿಗೆ ಹೋದರು.

“ಅವನೇ ನಿಂಗೂ ಕೊಟ್ಟಿರ್ತಾನೆ ಬಿಡಮ್ಮ” ಎಂದರು ಕೋದಂಡರಾಮಪ್ಪ.

“ಆ ಮಾತು ಕೇಳಿ ರಾತ್ರಿ ಊಟ ಸೇರಲಿಲ್ಲ” ಎಂದು ಶಾಮಲಮ್ಮ ನೆನೆಯುತ್ತಾರೆ. “ಕಳ್ಳ ಅಂತ ಹೇಳೋಕೆ ಎಷ್ಟೊತ್ತು ಬೇಕು? ಹೆಂಡ್ತಿ ಮಕ್ಕಳಿರೋನು.”

ಅಮಾವಾಸ್ಯೆಯಂದು ಮಂಡಿಗೆ ರಜೆ. ಅಂದು ಮುಳಬಾಗಿಲಿನ ಬಸ್ಸು ಹತ್ತಿದರು. ವಿಚಾರಿಸಿಕೊಂಡು ಹೋಗಿ, ಅಚ್ಚು ಕೊರೆಯುವ ಹುಸೇನ್ ಸಾಬರ ಮನೆ ಮುಂದೆ ನಿಂತರು. ಸಾಬರು ಎರಡೂ ಬಗೆಯ ಬಿಲ್ಲೆಗಳನ್ನು ಹೆಬ್ಬೆರಳಿನಲ್ಲಿ ಸವರಿದರು.

“ಎರಡೂ ನಂದೇ. ಮೊದಲ್ನೇ ಅಚ್ಚು ಒಡೆದುಹೋಯ್ತು, ಇನ್ನೊಂದು ಕೊರೆದೆ. ಎತ್ತಿದ ಕಾಲಲ್ಲೇ ಬಿರುಕು ಬಿಟ್ಟಿತ್ತು, ಅದಕ್ಕೆ ಎರಡ್ನೇ ಸಲ ಕಾಲು ಇಳಿಸಿದೆ. ತಗಡೂ ದಪ್ಪದ್ದೇ ಸಿಕ್ತು. ಎಲ್ಲಾ ಮಾಲೂರಿನ ಅಂಗಡಿಯೋರಿಗೇ ಕೊಟ್ಟಿದ್ದು.”

ಮುಂದಿನ ಅಮಾವಾಸ್ಯೆಗೆ ಮಾಲೂರು. ಗೇಮ್ ಅಂಗಡಿ ಇದ್ದ ಜಾಗದಲ್ಲಿ ಚಪ್ಪಲಿ ಅಂಗಡಿ ಇತ್ತು, ಮಾಲೀಕರು ಮಾತ್ರ ಮೊದಲಿನವರೇ. ಹೌದು, ಎರಡು ಸಲ ಮಾಡಿಸಿದ್ದೆ, ಎಲ್ಲ ಬೆರೆಸಿ ಮೂಟೆಗಳಿಗೆ ತುಂಬಿದೆ ಎಂದು ಅವರು ಅಲ್ಲಿಂದಲೇ ಕೋದಂಡರಾಮಪ್ಪನವರಿಗೆ ಫೋನು ಮಾಡಿ ಹೇಳಿದರು. ಕೋದಂಡರಾಮಪ್ಪ ತಪ್ಪಾಯಿತು ಎನ್ನಲಿಲ್ಲ. “ಬರೋಕೆ ಹೇಳು ಅವನಿಗೆ” ಎಂದು ಫೋನಿನಲ್ಲೇ ಶಾಮಲಮ್ಮನಿಗೆ ಹೇಳಿದರು, ಅಷ್ಟೆ.

ಪೆದ್ದಪ್ಪ ಬಂದ. ಒಂದು ದಿನ ಪೂರ್ತಿ ಬಾಕ್ಸ್ ಇಳಿಸಿದ. ಮರುದಿನ ವೇಮಗಲ್ಲಿನ ಫ್ಯಾಕ್ಟರಿಗೆ ಲೋಡಿಂಗ್ ಕೆಲಸಕ್ಕೆ ಸೇರಿಕೊಂಡ.

“ಒಂದಿನಕ್ಕೆ ಯಾಕೋ ಬಂದೆ ಅಂತ ಕೇಳ್ದೆ. ‘ಓಡ್ಸಿದ್ರು ಅಂತ ಜನ ಅನ್ನಬಾರ್ದು ಅಕ್ಕ, ಅವನೇ ಬಿಟ್ಟ ಅನ್ನಬೇಕು’ ಅಂದ.” ಇದನ್ನು ಹೇಳುವಾಗ ಶಾಮಲಮ್ಮ ಲೋಟ ತೊಳೆಯುವುದನ್ನು ನಿಲ್ಲಿಸುತ್ತಾರೆ.

ಮಂಡಿಯಲ್ಲಿ ಈಗ ಬಿಲ್ಲೆಯಿಲ್ಲ, ಚೀಟಿ ಬಂದಿದೆ. ಶಾಮಲಮ್ಮನ ಓಡಾಟ ಮಾತ್ರ ನಿಂತಿಲ್ಲ. ಲಾರಿ ಡ್ರೈವರುಗಳು, ಹಮಾಲಿಗಳು ಎಲ್ಲಾದರೂ ಬಿಲ್ಲೆ ಸಿಕ್ಕರೆ ತಂದುಕೊಡುತ್ತಾರೆ. ಹುಣಸೆಹಣ್ಣಿನಲ್ಲಿ ಉಜ್ಜಿ, ಚಿತ್ರ ನೋಡಿ, ಅಮಾವಾಸ್ಯೆ ಬಂದರೆ ಆ ಊರಿನ ಬಸ್ಸು ಹತ್ತುತ್ತಾರೆ. ಹಳೆಯ ಬೀದಿಗಳಲ್ಲಿ ಮೀಸೆ ಬಂದ ಗಂಡಸರನ್ನು ನಿಲ್ಲಿಸಿ, ನೀನು ಚಿಕ್ಕೋನಿದ್ದಾಗ ಇದರಲ್ಲಿ ಆಡಿದ್ದೀಯೇನಪ್ಪ ಎಂದು ಕೇಳುತ್ತಾರೆ. ಕೆಲವರು ನಗುತ್ತಾರೆ. ಕೆಲವರು ಬಿಲ್ಲೆ ಕೈಗೆ ತೆಗೆದುಕೊಂಡು ಬೇಗ ವಾಪಸು ಕೊಡುವುದಿಲ್ಲ.

ಹೋದ ತಿಂಗಳು ಗಂಟುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಮತ್ತೆ ಹುಸೇನ್ ಸಾಬರ ಮನೆಗೆ ಹೋಗಿದ್ದರು. ಸಾಬರು ಚಾಪೆಯ ಮೇಲೆ ಒಂದೊಂದನ್ನೇ ಎತ್ತಿ, ನಂದು, ನಂದಲ್ಲ ಎನ್ನುತ್ತಾ ಬಂದರು. ಬಿಳಿ ದಾರದ ಗಂಟಿನಿಂದ ಒಂದು ಮೀನಿನ ಬಿಲ್ಲೆ ಬಂತು. ಶ್ರೀನಿವಾಸಪುರದ ಡ್ರೈವರೊಬ್ಬ ಕೊಟ್ಟಿದ್ದು, ಯಾವ ಊರಿನದೆಂದು ಅವನಿಗೂ ಗೊತ್ತಿರಲಿಲ್ಲ. ಅಕ್ಷರವಿಲ್ಲ, ಬರೀ ಮೀನು.

“ನನ್ನ ಅಚ್ಚಲ್ಲ ಇದು” ಎಂದರು ಸಾಬರು.

ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿ ಅಖ್ತರ್ ಬಾನು ತಲೆ ಎತ್ತದೆ ಹೇಳಿದರು, “ಅದು ನಂದು.”

ಸಾಬರಿಗೆ ಕಾಮಾಲೆಯಾಗಿ, ನಾಟಿ ಔಷಧಿಗೆಂದು ತಿಂಗಳುಗಟ್ಟಲೆ ಅಕ್ಕನ ಮನೆಯಲ್ಲಿದ್ದ ಕಾಲ. ಶ್ರೀನಿವಾಸಪುರದಿಂದ ಯಾರೋ ಬಿಲ್ಲೆ ಕೇಳಿಕೊಂಡು ಬಂದರು. ಇಲ್ಲ ಅನ್ನುವ ಹಾಗಿರಲಿಲ್ಲ, ಮನೆಯಲ್ಲಿ ಒಲೆ ಉರಿಯಬೇಕಿತ್ತು. ಅಖ್ತರ್ ಬಾನು ತಾವೇ ಅಚ್ಚು ಕೊರೆದು, ಬಿಲ್ಲೆ ಹೊಡೆದು ಕೊಟ್ಟರು. ಗಂಡನಿಗೆ ಹೇಳಲಿಲ್ಲ.

“ಮೀನೇ ಯಾಕಮ್ಮ?” ಎಂದು ಶಾಮಲಮ್ಮ ಕೇಳಿದರು.

“ಕುದುರೆ ಕಾಲು ನಂಗೆ ಬರಲ್ಲ. ಮೀನಿಗೆ ಕಾಲೇ ಇಲ್ವಲ್ಲ.”

ಸಾಬರು ಬಿಲ್ಲೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. “ಕಣ್ಣು ಚೆನ್ನಾಗಿ ಬಂದೈತೆ” ಎಂದು ಹೆಂಡತಿಯ ಕೈಗೆ ಕೊಟ್ಟರು. ಆಕೆ ಅದನ್ನು ಇಟ್ಟುಕೊಳ್ಳಲಿಲ್ಲ. ಶಾಮಲಮ್ಮನಿಗೆ ಹಿಂದಿರುಗಿಸುತ್ತಾ ಒಂದೇ ಮಾತು ಕೇಳಿದರು: ಮಷಿನ್ನಿನಲ್ಲಿ ಅದು ಸರಿಯಾಗಿ ಬೀಳುತ್ತಿತ್ತೇ?

ಮಾರುಕಟ್ಟೆಯಲ್ಲಿ ಹರಾಜು ಶುರುವಾಗಿದೆ. ಶಾಮಲಮ್ಮ ಎರಡನೇ ಪಾತ್ರೆಗೆ ಹಾಲು ಸುರಿಯುತ್ತಾರೆ. ಈ ಅಮಾವಾಸ್ಯೆಗೆ ಎಲ್ಲಿಗೆ ಎಂದು ಕೇಳಿದರೆ ಉತ್ತರ ತಯಾರಿದೆ.

“ಶ್ರೀನಿವಾಸಪುರಕ್ಕೆ. ಆ ಮೀನಿನ ಬಿಲ್ಲೆ ಹಾಕಿ ಆಡಿದೋನು ಒಬ್ಬ ಸಿಕ್ಕಿದ್ರೆ ಸಾಕು. ಸಿಗಾಕ್ಕೊಳ್ತಿತ್ತಾ, ಸಲೀಸಾಗಿ ಬೀಳ್ತಿತ್ತಾ ಅಂತ ಕೇಳ್ಬೇಕು. ಆಯಮ್ಮ ಇಷ್ಟು ವರ್ಷ ಯಾರನ್ನೂ ಕೇಳೋಕಾಗದೆ ಕೂತವ್ರೆ.”